1280 ಜನ, ಒಬ್ಬೊಬ್ಬರಾಗಿ



ಮೂವತ್ತೈದು ವರ್ಷದ ಹಿಂದಿನ ಮಾತು. ಮನೋವೈದ್ಯದಲ್ಲಿ ಎಂ.ಡಿ. ಮುಗಿಸಿದ್ದೆ. ಮುಂದೆ ಯಾವ ವಿಭಾಗ ಹಿಡೀತೀಯ ಅಂತ ನಮ್ಮ ಹಿರಿಯ ಪ್ರಾಧ್ಯಾಪಕರು ಕೇಳಿದರು. ಬುದ್ಧಿಮಾಂದ್ಯರ ಒಪಿಡಿಯಲ್ಲೇ ಇರ್ತೀನಿ ಸಾರ್ ಅಂದೆ. ಆಗ ನಾವೆಲ್ಲ ಬಳಸುತ್ತಿದ್ದುದು ಅದೇ ಪದ. ಪದದ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಲ್ಲಪ್ಪಾ, ಅಲ್ಲಿ ವಾಸಿ ಮಾಡೋಕೆ ಏನಿದೆ?" ಅಂದರು. ವ್ಯಂಗ್ಯವಿರಲಿಲ್ಲ. ಹುಡುಗ ಹಾಳಾಗಿಹೋದಾನು ಎಂಬ ಕಾಳಜಿಯೇ ಇತ್ತು.

ಆ ದಿನ ನನಗೆ ಉತ್ತರ ಹೊಳೆಯಲಿಲ್ಲ. ಈವತ್ತು ಹೊಳೆದಿದೆ ಅಂತಲ್ಲ. ಆದರೆ ಅದೇ ಪ್ರಶ್ನೆಯನ್ನು ಇಂಗ್ಲೆಂಡಿನಲ್ಲಿ ಒಬ್ಬರು ಬೇರೆ ಥರ ಕೇಳಿಕೊಂಡು, ಒಂದು ಜೀವಮಾನವನ್ನೇ ಅದರಲ್ಲಿ ಕಳೆದರು. ಅವರ ವಿಚಾರ ಹೇಳೋಣ ಅಂತ ಬಂದಿದ್ದೇನೆ. ಹೆಸರು ಲಯನೆಲ್ ಪೆನ್ರೋಸ್. ವಿಜ್ಞಾನ ಓದುವವರಿಗೆ ಅವರ ಮಗ ರೋಜರ್ ಪೆನ್ರೋಸ್ ಗೊತ್ತು. ಕಪ್ಪುಕುಳಿಗಳ ಗಣಿತಕ್ಕೆ 2020ರಲ್ಲಿ ನೊಬೆಲ್ ಬಂತಲ್ಲ, ಅವರು. ಅಪ್ಪನ ಹೆಸರು ನಮ್ಮ ವೈದ್ಯ ವಿದ್ಯಾರ್ಥಿಗಳಿಗೂ ಅಷ್ಟಾಗಿ ಗೊತ್ತಿಲ್ಲ.

ಮೊದಲಿಗೆ ಒಂದು ಗೊಂದಲ ತಿಳಿಮಾಡಿಕೊಳ್ಳೋಣ. ಮನೋರೋಗ ಬೇರೆ, ಬೌದ್ಧಿಕ ವಿಕಲತೆ ಬೇರೆ. ಮನೋರೋಗ ಚೆನ್ನಾಗಿದ್ದವರಿಗೆ ನಡುವೆ ಬರುತ್ತದೆ, ಎಷ್ಟೋ ಸಲ ಹೋಗುತ್ತದೆ. ಬೌದ್ಧಿಕ ವಿಕಲತೆ ಎಂದರೆ ಹುಟ್ಟಿನಿಂದಲೋ ಬೆಳೆಯುವ ವಯಸ್ಸಿನಲ್ಲೋ ಕಲಿಕೆ, ತಿಳಿವಳಿಕೆ, ದಿನನಿತ್ಯದ ವ್ಯವಹಾರ ಇವು ನಿಧಾನವಾಗಿ ಸಾಗುವುದು. ಅದು ರೋಗವಲ್ಲ, ಸ್ಥಿತಿ. ಆ ಸ್ಥಿತಿಯಲ್ಲಿ ಇರುವವರಿಗೂ ಎಲ್ಲರಂತೆ ಖಿನ್ನತೆ ಬರಬಹುದು, ಭಯ ಬರಬಹುದು, ಹಲ್ಲುನೋವೂ ಬರಬಹುದು. ಈ ಹಲ್ಲುನೋವನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ.

ಪೆನ್ರೋಸ್ ಹುಟ್ಟಿದ್ದು 1898ರಲ್ಲಿ, ಲಂಡನ್ನಿನಲ್ಲಿ. ಮನೆತನ ಕ್ವೇಕರ್ ಪಂಥದ್ದು. ಯುದ್ಧ ಕೂಡದು, ಆಡಂಬರ ಕೂಡದು ಎನ್ನುವ ಕ್ರೈಸ್ತರು ಇವರು. ತಂದೆ ಚಿತ್ರಕಾರ, ಸೋದರ ರೋಲಂಡ್ ಮುಂದೆ ಪಿಕಾಸೋನ ಗೆಳೆಯನಾಗಿ ಅವನ ಜೀವನಚರಿತ್ರೆ ಬರೆದವರು. ಮೊದಲ ಮಹಾಯುದ್ಧದಲ್ಲಿ ಲಯನೆಲ್ ಬಂದೂಕು ಹಿಡಿಯಲಿಲ್ಲ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸುವ ರೈಲಿನಲ್ಲಿ ದುಡಿದರು. ಆಮೇಲೆ ಕೇಂಬ್ರಿಜ್ಜಿನಲ್ಲಿ ತರ್ಕಶಾಸ್ತ್ರ, ಮನಶ್ಶಾಸ್ತ್ರ. ಅಲ್ಲಿಂದ ಫ್ರಾಯ್ಡ್ ಇದ್ದ ವಿಯೆನ್ನಾ. ಎಲ್ಲ ನೋಡಿದ ಮೇಲೆ ಮೂವತ್ತು ತುಂಬುವ ಹೊತ್ತಿಗೆ ವೈದ್ಯರಾದರು. ಇಂಥ ಬುದ್ಧಿ, ಇಂಥ ಮನೆತನ ಇದ್ದವರು ಲಂಡನ್ನಿನ ದೊಡ್ಡ ಬೀದಿಯಲ್ಲಿ ಬೋರ್ಡು ಹಾಕಿ ಕೂರಬಹುದಿತ್ತು. ಅವರು 1931ರಲ್ಲಿ ಕೋಲ್ಚೆಸ್ಟರ್ ಎಂಬ ಊರಿಗೆ ಹೋದರು. ಅಲ್ಲಿನ ರಾಯಲ್ ಈಸ್ಟರ್ನ್ ಕೌಂಟೀಸ್ ಇನ್‌ಸ್ಟಿಟ್ಯೂಷನ್ ಎನ್ನುವುದು ಬೌದ್ಧಿಕ ವಿಕಲತೆ ಇರುವವರನ್ನು ತಂದಿಟ್ಟುಕೊಳ್ಳುವ ದೊಡ್ಡ ಆಶ್ರಯಧಾಮ. ಹೋದದ್ದು ಸಂಶೋಧನಾ ವೈದ್ಯರಾಗಿ.

ಆ ಕಾಲದ ಇಂಗ್ಲೆಂಡಿನಲ್ಲಿ ಇಂಥವರ ಬಗ್ಗೆ ಒಂದು ಕಾಯಿದೆ ಇತ್ತು, 1913ರದ್ದು. ಆ ಕಾಯಿದೆ ಜನರನ್ನು ದರ್ಜೆ ದರ್ಜೆಯಾಗಿ ವಿಂಗಡಿಸಿತ್ತು: ಈಡಿಯಟ್, ಇಂಬೆಸಿಲ್, ಹೀಗೆ. ನಮ್ಮ ಹುಡುಗರು ಟ್ರಾಫಿಕ್ಕಿನಲ್ಲಿ ಬೈಯುವಾಗ ಬಳಸುವ ಈಡಿಯಟ್ ಎಂಬ ಪದ ಅಲ್ಲಿ ಸರ್ಕಾರಿ ಪದವಾಗಿತ್ತು. ಕಾಯಿದೆಯ ಬೆನ್ನಿಗೆ ಒಂದು ಶಾಸ್ತ್ರವೂ ಇತ್ತು. ಸುಸಂತಾನಶಾಸ್ತ್ರ ಅಂತ ಕನ್ನಡದಲ್ಲಿ ಹೇಳುತ್ತಾರೆ. ಒಳ್ಳೆಯ ತಳಿಯ ದನವನ್ನು ಉಳಿಸಿ ಬಡಕಲನ್ನು ತೆಗೆಯುವ ಹಾಗೆ ಮನುಷ್ಯರಲ್ಲೂ ಮಾಡಬೇಕು ಎನ್ನುವ ವಾದ. ಹುಚ್ಚರ ವಾದ ಅಂದುಕೊಳ್ಳಬೇಡಿ. ಪ್ರೊಫೆಸರುಗಳು, ಪಾದ್ರಿಗಳು, ಪ್ರಗತಿಪರ ಲೇಖಕರು ಎಲ್ಲರೂ ಅದರಲ್ಲಿದ್ದರು. ಅವರ ಪ್ರಕಾರ ಬುದ್ಧಿ ಕಡಿಮೆ ಇರುವುದು ಒಂದೇ ಒಂದು ವಂಶದೋಷ. ಬಡವರಲ್ಲಿ ಹೆಚ್ಚು. ಅವರು ಹೆಚ್ಚು ಹೆರುತ್ತಾರೆ. ಹೀಗೇ ಬಿಟ್ಟರೆ ದೇಶದ ಬುದ್ಧಿಯೇ ಇಳಿದುಹೋಗುತ್ತದೆ. ಆದ್ದರಿಂದ ಶಸ್ತ್ರಚಿಕಿತ್ಸೆ ಮಾಡಿ ಮಕ್ಕಳಾಗದಂತೆ ಮಾಡಿಬಿಡಿ. ಅಮೆರಿಕದ ಸುಪ್ರೀಂ ಕೋರ್ಟು 1927ರಲ್ಲಿ ಇದಕ್ಕೆ ಒಪ್ಪಿಗೆ ಕೊಟ್ಟಿತ್ತು. ಜರ್ಮನಿಯಲ್ಲಿ ಹಿಟ್ಲರ್ ಬಂದ ವರ್ಷ, 1933ರಲ್ಲಿ, ಇದೇ ಕಾನೂನಾಯಿತು. ಕಾನೂನಿನ ಪಟ್ಟಿಯಲ್ಲಿ ಮೊದಲ ಹೆಸರೇ ಹುಟ್ಟು ಬುದ್ಧಿಮಾಂದ್ಯ.

ಇಂಥ ಗದ್ದಲದ ನಡುವೆ ಪೆನ್ರೋಸ್ ಮಾಡಿದ ಕೆಲಸ ತುಂಬ ಸಾದಾ. ಅವರು ಒಬ್ಬೊಬ್ಬರನ್ನೇ ಕರೆಸಿ ಎದುರಿಗೆ ಕೂರಿಸಿಕೊಂಡರು.

ಒಟ್ಟು 1280 ಜನ. ಏಳು ವರ್ಷ. ಪ್ರತಿಯೊಬ್ಬರ ಎತ್ತರ, ತಲೆಯ ಅಳತೆ, ರಕ್ತದ ಗುಂಪು, ಅಂಗೈ ರೇಖೆ. ಅಷ್ಟಕ್ಕೇ ನಿಲ್ಲಲಿಲ್ಲ, ಅವರವರ ಊರಿಗೆ ಹೋಗಿ ಅಪ್ಪ ಅಮ್ಮ, ಅಣ್ಣ ತಂಗಿಯರ ವಿಚಾರವನ್ನೂ ಬರೆದುಕೊಂಡರು. ಸಹಾಯಕರಾಗಿದ್ದವರಲ್ಲಿ ಜಾನ್ ರೇವನ್ ಎನ್ನುವವರೊಬ್ಬರು. ಮನೆಮನೆಗೆ ಹೋಗಿ ಅಲ್ಲಿದ್ದವರ ಬುದ್ಧಿ ಅಳೆಯುವುದು ಅವರ ಕೆಲಸ. ಆಗಿದ್ದ ಪರೀಕ್ಷೆಗಳೋ ಉದ್ದುದ್ದ. ಒಲೆ ಮೇಲೆ ಹಾಲಿಟ್ಟ ತಾಯಿ, ಕೂಗಾಡುವ ಮಕ್ಕಳು, ಇಣುಕುವ ನೆರೆಯವರು, ಇದರ ಮಧ್ಯೆ ಯಾರು ಪದಗಳ ಅರ್ಥ ಹೇಳುತ್ತ ಕೂರುತ್ತಾರೆ? ಮಾತೇ ಬೇಡದ ಒಂದು ಪರೀಕ್ಷೆಯನ್ನು ರೇವನ್ ಕಟ್ಟಿದರು. ಒಂದು ವಿನ್ಯಾಸ, ಅದರಲ್ಲೊಂದು ತುಂಡು ಇಲ್ಲ, ಕೆಳಗಿನ ತುಂಡುಗಳಲ್ಲಿ ಯಾವುದು ಅಲ್ಲಿ ಕೂರುತ್ತದೆ ಹೇಳಿ. ಕೆಲಸದ ಆಯ್ಕೆಗೋ ಮಗುವಿನ ತಪಾಸಣೆಗೋ ನೀವೂ ಇಂಥದ್ದನ್ನು ಬಿಡಿಸಿರಬಹುದು. ಅದರ ತವರುಮನೆ ಕೋಲ್ಚೆಸ್ಟರಿನ ಆ ಗಲಾಟೆಯ ಅಡುಗೆಮನೆಗಳು.

1938ರಲ್ಲಿ ವರದಿ ಅಚ್ಚಾಯಿತು. ಏನು ಹೇಳಿತು? ಕಾರಣ ಒಂದಲ್ಲ, ಹತ್ತಾರು. ಒಬ್ಬರಿಗೆ ಹೆರಿಗೆಯಲ್ಲಾದ ಪೆಟ್ಟು, ಇನ್ನೊಬ್ಬರಿಗೆ ಸೋಂಕು, ಮತ್ತೊಬ್ಬರಿಗೆ ವಂಶದಿಂದ ಬಂದ ಅಪರೂಪದ ತೊಂದರೆ. ವಿಕಲತೆ ತೀವ್ರವಾಗಿರುವ ಮಕ್ಕಳು ಬಡವರ ಮನೆಯಲ್ಲಿ ಇದ್ದಷ್ಟೇ ಸಾಹುಕಾರರ ಮನೆಯಲ್ಲೂ ಹುಟ್ಟುತ್ತಾರೆ. ಅವರ ತಂದೆತಾಯಿ ಹೆಚ್ಚಿನಂಶ ಎಲ್ಲರಂತೆಯೇ ಇರುವವರು. ಎಂದಮೇಲೆ ಯಾರಿಗೆ ಶಸ್ತ್ರಚಿಕಿತ್ಸೆ ಮಾಡುತ್ತೀರಿ? ದೇಶದ ಬುದ್ಧಿ ಇಳಿಯುತ್ತದೆ ಎಂಬ ಭಯವೂ ನಿಲ್ಲಲಿಲ್ಲ. ಸ್ಕಾಟ್ಲೆಂಡಿನಲ್ಲಿ ಹನ್ನೊಂದು ವರ್ಷದ ಮಕ್ಕಳನ್ನು 1932ರಲ್ಲೊಮ್ಮೆ, 1947ರಲ್ಲೊಮ್ಮೆ ಪರೀಕ್ಷಿಸಿದರು. ಸರಾಸರಿ ಅಂಕ ಇಳಿಯುವುದಿರಲಿ, ತುಸು ಏರಿತ್ತು.

ಇಲ್ಲಿ ನನ್ನದೊಂದು ಅಡ್ಡಮಾತು. ಅಂಕ ಅಂದೆನಲ್ಲ, ಈ ಬುದ್ಧಿಯ ಅಂಕಕ್ಕೆ ಗಂಟುಬಿದ್ದು ನಾನು ಮುಖಭಂಗ ಅನುಭವಿಸಿದ್ದೇನೆ. ಶಿರಸಿ ಕಡೆಯ ಒಬ್ಬರು ಯಜಮಾನರು ಮೂವತ್ತರ ಮಗನನ್ನು ಸರ್ಟಿಫಿಕೇಟಿಗೆಂದು ಕರೆತಂದಿದ್ದರು. ಪರೀಕ್ಷೆಯಲ್ಲಿ ಅವನಿಗೆ ಬಂದದ್ದು ನಲವತ್ತೆಂಟು. ಐವತ್ತಕ್ಕೂ ಕೆಳಗೆ. ಕಿತ್ತಳೆಗೂ ಬಾಳೆಹಣ್ಣಿಗೂ ಏನು ಸಾಮ್ಯ ಎಂದರೆ ಸುಮ್ಮನೆ ನಕ್ಕ. ನಾನು ತಂದೆಗೆ ಗಂಭೀರವಾಗಿ, ಇವರಿಗೆ ವಸ್ತುಗಳನ್ನು ವಿಂಗಡಿಸಿ ನೋಡುವುದು ಕಷ್ಟ ಅಂತ ವಿವರಿಸಿದೆ. ಯಜಮಾನರು ಎಲೆಯಡಿಕೆ ಸಂಚಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತ, "ಹೌದೇ? ನಮ್ಮನೇಲಿ ಅಡಿಕೆ ಆರಿಸೋನೇ ಇವ್ನು. ಚಾಲಿಯಲ್ಲಿ ಒಂದು ಕೋಕಾ ಸೇರಿದ್ರೂ ಇವನ ಕೈ ಬಿಡೋದಿಲ್ಲ, ಡಾಕ್ಟ್ರೇ" ಅಂದರು. ಹೊರಗಿನಿಂದ ಒಂದೇ ಥರ ಕಾಣುವ ಅಡಿಕೆಯಲ್ಲಿ ಒಳಗೆ ಹಾಳಾದದ್ದನ್ನು ತೂಕದಿಂದ, ಸದ್ದಿನಿಂದ ಹಿಡಿಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ. ನನ್ನ ಪ್ರಶ್ನೆಪತ್ರಿಕೆಯಲ್ಲಿ ಅಡಿಕೆ ಇರಲಿಲ್ಲ.

ಕೋಲ್ಚೆಸ್ಟರಿಗೆ ಮರಳೋಣ. ಅಲ್ಲಿದ್ದವರಲ್ಲಿ ಒಂದು ಗುಂಪಿನ ಮೇಲೆ ಪೆನ್ರೋಸರಿಗೆ ವಿಶೇಷ ಅಕ್ಕರೆ. ಈಗ ನಾವು ಡೌನ್ ಸಿಂಡ್ರೋಮ್ ಎನ್ನುತ್ತೇವೆ. ಆಗಿನ ಹೆಸರು ಮಂಗೋಲಿಸಂ. 1866ರಲ್ಲಿ ಲ್ಯಾಂಗ್ಡನ್ ಡೌನ್ ಎಂಬ ವೈದ್ಯರು ಈ ಮಕ್ಕಳ ಕಣ್ಣಿನ ಆಕಾರ ನೋಡಿ, ಇವರು ಮಂಗೋಲಿಯಾದ ಜನರ ಹಾಗಿದ್ದಾರೆ ಎಂದು ಬರೆದುಬಿಟ್ಟರು. ಇಪ್ಪತ್ತನೇ ಶತಮಾನದಲ್ಲಿ ಇನ್ನೊಬ್ಬ ಮಹಾಶಯರು ಒಂದು ಹೆಜ್ಜೆ ಮುಂದೆ ಹೋಗಿ, ಯುರೋಪಿನವರ ರಕ್ತದಲ್ಲಿ ಹಳೆಯ ಮಂಗೋಲಿಯನ್ ಅಂಶ ಮೇಲೆ ಬರುತ್ತಿದೆ ಎಂದು ಪುಸ್ತಕವನ್ನೇ ಬರೆದರು. ಪೆನ್ರೋಸ್ ವಾದಕ್ಕೆ ಇಳಿಯಲಿಲ್ಲ. ಈ ಮಕ್ಕಳ ರಕ್ತದ ಗುಂಪು ನೋಡಿದರು. ಅದು ಇಂಗ್ಲೆಂಡಿನ ಅವರ ನೆಂಟರಿಷ್ಟರ ಹಾಗೇ ಇತ್ತು. 1932ರಲ್ಲಿ ಅದನ್ನು ಪ್ರಕಟಿಸಿದರು. ಸುಮಾರು ಮೂವತ್ತು ವರ್ಷ ಆಮೇಲೆ, 1961ರಲ್ಲಿ, ಆ ಹೆಸರನ್ನೇ ಕೈಬಿಡಬೇಕೆಂದು ಹತ್ತೊಂಬತ್ತು ಜನ ತಜ್ಞರು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಗೆ ಪತ್ರ ಬರೆದಾಗ ಅದರಲ್ಲಿ ಪೆನ್ರೋಸರ ಸಹಿಯೂ ಇತ್ತು, ಡೌನ್ ಮನೆತನದವರೊಬ್ಬರ ಸಹಿಯೂ ಇತ್ತು. 1965ರಲ್ಲಿ ಮಂಗೋಲಿಯಾ ದೇಶದವರೇ ವಿಶ್ವ ಆರೋಗ್ಯ ಸಂಸ್ಥೆಯಲ್ಲಿ, ನಮ್ಮ ಹೆಸರನ್ನು ಹೀಗೆ ಬಳಸಬೇಡಿ ಎಂದ ಮೇಲೆ ಅದು ಕಡತಗಳಿಂದ ಹೋಯಿತು.

ಈ ಮಕ್ಕಳು ಹುಟ್ಟುವುದೇಕೆ? ತಾಯಿಗೆ ವಯಸ್ಸಾಗಿದ್ದರೆ ಸಂಭವ ಹೆಚ್ಚು ಎಂದು ಸೂಲಗಿತ್ತಿಯರೂ ಬಲ್ಲರು. ಆದರೆ ತಾಯಿಗೆ ವಯಸ್ಸಾದಾಗ ತಂದೆಗೂ ವಯಸ್ಸಾಗಿರುತ್ತದಲ್ಲ? ಹಿಂದೆ ನಾಲ್ಕಾರು ಹೆರಿಗೆಯೂ ಆಗಿರುತ್ತದೆ. ಯಾವುದು ಕಾರಣ? ಗಂಡ ಹೆಂಡಿರ ವಯಸ್ಸು ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ, ಒಂದು ಮುಂದೆ ಹೋದರೆ ಇನ್ನೊಂದೂ ಹೋಗುತ್ತದೆ. ಗಾಡಿ ಎಳೆಯುತ್ತಿರುವುದು ಯಾವ ಎತ್ತು ಅಂತ ಹೇಗೆ ತಿಳಿಯುವುದು? ಪೆನ್ರೋಸ್ ನೊಗ ಕಳಚಿದರು. ತಾಯಂದಿರ ವಯಸ್ಸನ್ನು ಒಂದೇ ಕಡೆ ನಿಲ್ಲಿಸಿ, ತಂದೆಯ ವಯಸ್ಸು ಏರಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿದರು. ಏನೂ ಆಗಲಿಲ್ಲ. ತಂದೆಯ ವಯಸ್ಸನ್ನು ನಿಲ್ಲಿಸಿ ತಾಯಿಯ ವಯಸ್ಸನ್ನು ಏರಿಸಿ ನೋಡಿದರೆ ಸಂಭವ ಏರಿತು. ಎಷ್ಟನೇ ಹೆರಿಗೆ ಎಂಬುದೂ ಲೆಕ್ಕಕ್ಕೆ ಬರಲಿಲ್ಲ. 1933ರ ಈ ಲೆಕ್ಕ ಕೈಬರಹದ ಲೆಕ್ಕ, ಕಂಪ್ಯೂಟರಿನದ್ದಲ್ಲ. ಇಪ್ಪತ್ತಾರು ವರ್ಷ ಆದಮೇಲೆ, 1959ರಲ್ಲಿ, ಪ್ಯಾರಿಸ್ಸಿನಲ್ಲಿ ಲೆಜೂನ್, ಮಾರ್ತ್ ಗೋತಿಯೆ, ಟರ್ಪಿನ್ ಅವರು ಸೂಕ್ಷ್ಮದರ್ಶಕದಲ್ಲಿ ಕಂಡು ಹೇಳಿದರು: ಈ ಮಕ್ಕಳ ಜೀವಕೋಶದಲ್ಲಿ 21ನೇ ವರ್ಣತಂತು ಎರಡಿರುವ ಕಡೆ ಮೂರಿದೆ. ಮಾರ್ಚ್ 21ನ್ನು, ಅಂದರೆ ಮೂರನೇ ತಿಂಗಳ ಇಪ್ಪತ್ತೊಂದನ್ನು, ಡೌನ್ ಸಿಂಡ್ರೋಮ್ ದಿನ ಎಂದು ಆಚರಿಸುವುದು ಅದಕ್ಕೇ.

ತಾಯಿಯ ವಯಸ್ಸಿನ ಈ ಮಾತನ್ನು ನಮ್ಮ ಒಪಿಡಿಯಲ್ಲಿ ಹೇಳುವಾಗ ನಾಲಿಗೆಯ ಮೇಲೆ ಹಿಡಿತವಿರಬೇಕು. ಹಿಂದೆ ನಿಂತ ಅತ್ತೆ, "ನಾನು ಆವತ್ತೇ ಹೇಳಿರ್ಲಿಲ್ವಾ" ಎನ್ನಲು ಕಾದಿರುತ್ತಾರೆ. ಗ್ರಹಣದಲ್ಲಿ ಹೊರಗೆ ಬಂದಿದ್ದಳು, ಪಪ್ಪಾಯಿ ತಿಂದಿದ್ದಳು ಎಂಬ ಪಟ್ಟಿಗೆ ಡಾಕ್ಟರೇ ಇನ್ನೊಂದು ಸೇರಿಸಿಕೊಟ್ಟಂತಾಗುತ್ತದೆ. ನಾನು ಮೊದಲು ಹೇಳುವುದು ಬೇರೆ: ಈ ಮಕ್ಕಳಲ್ಲಿ ಹೆಚ್ಚಿನವರು ಹುಟ್ಟುವುದು ಚಿಕ್ಕ ವಯಸ್ಸಿನ ತಾಯಂದಿರಿಗೇ, ಯಾಕೆಂದರೆ ಹೆರುವವರಲ್ಲಿ ಹೆಚ್ಚಿನವರು ಅವರೇ. ಅದು ಯಾರ ತಪ್ಪೂ ಅಲ್ಲ. ಆಮೇಲೆ ಅಂಗೈ ತೋರಿಸುತ್ತೇನೆ. ಪೆನ್ರೋಸ್ ಜೀವನದುದ್ದಕ್ಕೂ ಅಂಗೈ ಅಚ್ಚು ತೆಗೆದವರು. ಮಸಿ ಸವರಿ, ಕಾಗದದ ಮೇಲೆ ಒತ್ತಿ, ಬೆರಳುಗಳ ಬುಡದಿಂದ ಅಂಗೈಯ ಕೆಳಗಿನ ಒಂದು ಬಿಂದುವಿಗೆ ಗೆರೆ ಎಳೆದು ಕೋನ ಅಳೆಯುವುದು. ಡೌನ್ ಸಿಂಡ್ರೋಮ್ ಇದ್ದವರಲ್ಲಿ ಆ ಕೋನ ಅಗಲ. ನಾವು ಕೈ ನೋಡಿ ಮುಂದಾಗುವುದನ್ನು ಹೇಳಿಸಿಕೊಳ್ಳುವ ಜನ; ಇವರು ಹುಟ್ಟುವ ಮೊದಲು ಏನಾಗಿತ್ತು ಎಂದು ಕೈಯಲ್ಲಿ ಓದಲು ಹೊರಟವರು.

ಈಗ ಒಂದು ವಾಸನೆಯ ಕತೆ.

ನಾರ್ವೆಯಲ್ಲಿ ಬೋರ್ಗ್ನಿ ಏಗೆಲಾಂಡ್ ಎಂಬ ತಾಯಿ. ಮಗಳು, ಮಗ ಇಬ್ಬರಿಗೂ ಬುದ್ಧಿ ಬೆಳೆಯಲಿಲ್ಲ. ಇಬ್ಬರ ಮೈಯಿಂದಲೂ ಮುಗ್ಗಲು ಮುಗ್ಗಲು ವಾಸನೆ. ಇದೇನು ಎಂದು ಆಕೆ ಕಂಡ ಕಂಡ ವೈದ್ಯರನ್ನು ಕೇಳಿದಳು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಕೊನೆಗೆ 1934ರಲ್ಲಿ ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರು, ಅವರಿಗೆ ರಸಾಯನಶಾಸ್ತ್ರವೂ ಗೊತ್ತಿತ್ತು, ಮಕ್ಕಳ ಮೂತ್ರ ತರಿಸಿ ಅದಕ್ಕೆ ಫೆರಿಕ್ ಕ್ಲೋರೈಡಿನ ಹನಿ ಹಾಕಿದರು. ಮೂತ್ರ ಹಸಿರಾಯಿತು. ಊಟದ ಪ್ರೋಟೀನಿನಲ್ಲಿರುವ ಫಿನೈಲ್ಅಲನಿನ್ ಎಂಬ ಅಂಶವನ್ನು ಈ ಮಕ್ಕಳ ದೇಹ ಅರಗಿಸಲಾರದು. ಅದು ರಕ್ತದಲ್ಲಿ ತುಂಬಿ ಮಿದುಳಿಗೆ ವಿಷವಾಗುತ್ತದೆ. ಸುದ್ದಿ ತಿಳಿದದ್ದೇ ಪೆನ್ರೋಸ್ ಕೋಲ್ಚೆಸ್ಟರಿನಲ್ಲಿ ಮೂತ್ರದ ಶೀಶೆಗಳನ್ನು ಸಾಲಾಗಿಟ್ಟುಕೊಂಡು ಹನಿ ಹಾಕುತ್ತ ಹೋದರು. ಅಲ್ಲೂ ಹಸಿರು ಸಿಕ್ಕಿತು. ಕಾಯಿಲೆಗೆ ಫಿನೈಲ್‌ಕೀಟೋನ್ಯೂರಿಯ ಎಂಬ ಹೆಸರು ಬಂದದ್ದು ಅವರಿಂದಲೇ. ಊಟ ಬದಲಿಸಿಯೂ ನೋಡಿದರು. ಫಲ ಕಾಣಲಿಲ್ಲ. ತಕ್ಕ ಆಹಾರ ತಯಾರಿಸುವ ವಿದ್ಯೆ ಆಗ ಇರಲಿಲ್ಲ.

ಆದರೆ ದಾರಿ ಅದೇ ಆಗಿತ್ತು. 1950ರ ದಶಕದ ಆರಂಭ, ಬರ್ಮಿಂಗ್‌ಹ್ಯಾಂ ಮಕ್ಕಳ ಆಸ್ಪತ್ರೆ. ಹೋರ್ಸ್ಟ್ ಬಿಕೆಲ್ ಎಂಬ ಯುವ ವೈದ್ಯರು ಒಂದು ಪುಟ್ಟ ಹುಡುಗಿಗೆ ಇದೇ ಕಾಯಿಲೆ ಎಂದು ಪತ್ತೆ ಮಾಡಿದರು. ಅವಳು ನಿಲ್ಲಲಾರಳು, ನಡೆಯಲಾರಳು, ನರಳುತ್ತ ತಲೆ ಚಚ್ಚಿಕೊಳ್ಳುತ್ತಾಳೆ. ಕಾಯಿಲೆಯ ಹೆಸರು ಹೇಳಿ ಕೈ ತೊಳೆದುಕೊಳ್ಳಬಹುದಿತ್ತು. ತಾಯಿ ಬಿಡಲಿಲ್ಲ. ದಿನ ಬೆಳಗಾದರೆ ಪ್ರಯೋಗಾಲಯದ ಬಾಗಿಲಲ್ಲಿ ನಿಂತು, ನನ್ನ ಮಗುವಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಿದ್ದಳು. ಆಕೆಯ ಕಾಟಕ್ಕೇ ಎನ್ನಬೇಕು, ಬಿಕೆಲ್ ಮತ್ತು ಜೊತೆಯವರು ಆ ಒಂದು ಅಂಶವನ್ನು ಮಾತ್ರ ತೆಗೆದುಹಾಕಿದ ಆಹಾರ ತಯಾರಿಸಿದರು. ಕೆಲವು ತಿಂಗಳಲ್ಲಿ ಮಗು ತೆವಳಿತು, ನಿಂತಿತು, ಕಣ್ಣಿಗೆ ಕಳೆ ಬಂತು. 1960ರ ದಶಕದಿಂದ ಮುಂದೆ ಹುಟ್ಟಿದ ಕೂಸಿನ ಹಿಮ್ಮಡಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಕಾಗದದ ಮೇಲೆ ತೆಗೆದು, ಮಿದುಳಿಗೆ ಹಾನಿಯಾಗುವ ಮೊದಲೇ ಹಿಡಿಯುವುದು ಸಾಧ್ಯವಾಯಿತು. ಅದನ್ನು ಕಂಡುಹಿಡಿದ ಅಮೆರಿಕದ ರಾಬರ್ಟ್ ಗಥ್ರಿಯ ಮಗನಿಗೂ ಬೌದ್ಧಿಕ ವಿಕಲತೆ ಇತ್ತು.

"ವಾಸಿ ಮಾಡೋಕೆ ಏನಿದೆ" ಎಂದ ನಮ್ಮ ಪ್ರಾಧ್ಯಾಪಕರಿಗೆ ಇದೂ ಗೊತ್ತಿತ್ತು. ಅದು ಸಾವಿರಕ್ಕೊಂದು ಅಲ್ಲ, ಎಷ್ಟೋ ಸಾವಿರಕ್ಕೊಂದು ಕಣಪ್ಪಾ ಎನ್ನುತ್ತಿದ್ದರು. ನಿಜವೇ. ಆದರೂ ನಮ್ಮ ನಾಡಿಗೆ ಈ ಕತೆಯ ಒಂದು ಎಳೆ ತಾಕುತ್ತದೆ. ಇಂಥ ಕಾಯಿಲೆ ಮಗುವಿಗೆ ಬರಬೇಕಾದರೆ ತಾಯಿಯಿಂದಲೂ ತಂದೆಯಿಂದಲೂ ಅದೇ ದೋಷದ ಜೀನು ಬರಬೇಕು. ಇಬ್ಬರೂ ಒಂದೇ ರಕ್ತದವರಾದರೆ ಹಾಗಾಗುವ ಸಂಭವ ಹೆಚ್ಚು. ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು ನಮ್ಮಲ್ಲಿ ಹೊಸದೇನಲ್ಲ. 1980ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಅಪ್ಪಾಜಿ ರಾವ್, ರಾಧಾ ರಮಾದೇವಿ ಮತ್ತು ಆಲನ್ ಬಿಟಲ್ಸ್ ಅವರು ಕರ್ನಾಟಕದಲ್ಲಿ ಈ ಲೆಕ್ಕ ನೋಡಿದಾಗ ಮೂರರಲ್ಲಿ ಒಂದರಷ್ಟು ಮದುವೆ ಸಂಬಂಧದೊಳಗೇ ಆಗಿದ್ದವು. ಅದೇ ಹೊತ್ತಿನಲ್ಲಿ ಇಲ್ಲಿನ ಆಸ್ಪತ್ರೆಗಳಲ್ಲಿ ಹುಟ್ಟಿದ ಸಾವಿರಾರು ಕೂಸುಗಳ ರಕ್ತದ ಹನಿಯನ್ನು ಪರೀಕ್ಷಿಸುವ ಕೆಲಸವೂ ನಡೆಯಿತು. ಇದನ್ನೂ ಹೇಳಲೇಬೇಕು: ಒಳಸಂಬಂಧದಲ್ಲಿ ಹುಟ್ಟಿದ ಮಕ್ಕಳಲ್ಲಿ ಬಹುಪಾಲು ಮಕ್ಕಳು ಚೆನ್ನಾಗಿಯೇ ಇರುತ್ತಾರೆ.

ಪೆನ್ರೋಸರ ಬದುಕಿನ ಉಳಿದದ್ದನ್ನು ಬೇಗ ಹೇಳುತ್ತೇನೆ. ಎರಡನೇ ಯುದ್ಧದ ಕಾಲಕ್ಕೆ ಕೆನಡಾ. ಆ ವರ್ಷಗಳಲ್ಲೇ ಜರ್ಮನಿಯಲ್ಲಿ ಶಸ್ತ್ರಚಿಕಿತ್ಸೆಯ ಕಾನೂನು ತನ್ನ ಕೊನೆಯ ಮೆಟ್ಟಿಲು ಮುಟ್ಟಿತ್ತು. ಕೋಲ್ಚೆಸ್ಟರಿನಂಥ ಆಶ್ರಯಧಾಮಗಳಿಂದಲೇ ಬಸ್ಸಿನಲ್ಲಿ ತುಂಬಿಕೊಂಡು ಹೋಗಿ 70,000ಕ್ಕೂ ಹೆಚ್ಚು ಜನರನ್ನು 1940-41ರಲ್ಲಿ ವಿಷಾನಿಲದಿಂದ ಕೊಂದರು. ಕೊಲ್ಲಬೇಕಾದವರನ್ನು ಗುರುತು ಹಾಕಿಕೊಟ್ಟವರಲ್ಲಿ ಮನೋವೈದ್ಯರಿದ್ದರು, ಪ್ರೊಫೆಸರುಗಳಿದ್ದರು. ನನ್ನ ವೃತ್ತಿಯವರು.

ಯುದ್ಧ ಮುಗಿದ ವರ್ಷ, 1945ರಲ್ಲಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜು ಪೆನ್ರೋಸರಿಗೆ ಒಂದು ಪೀಠ ಕೊಟ್ಟಿತು. ಪೀಠದ ಹೆಸರು ಗಾಲ್ಟನ್ ಸುಸಂತಾನಶಾಸ್ತ್ರ ಪ್ರಾಧ್ಯಾಪಕ! ಸುಸಂತಾನಶಾಸ್ತ್ರಕ್ಕೆ ಹೆಸರಿಟ್ಟ ಗಾಲ್ಟನ್ ಸಾಯುವಾಗ ಆಸ್ತಿ ಬರೆದಿಟ್ಟು ಮಾಡಿದ ಪೀಠ ಅದು. ಆ ಶಾಸ್ತ್ರದ ಬುಡಕ್ಕೇ ಕೊಡಲಿ ಹಾಕಿದವರು ಬಂದು ಅದರಲ್ಲಿ ಕೂತರು. ಮೊದಲ ಉಪನ್ಯಾಸಕ್ಕೆ ಅವರು ಆರಿಸಿಕೊಂಡ ವಿಷಯ ಆ ಹಸಿರು ಮೂತ್ರದ ಕಾಯಿಲೆ. ಇದನ್ನು ವಂಶದಿಂದ ತೊಡೆಯಬೇಕಾದರೆ ಏನು ಮಾಡಬೇಕು? ಕಾಯಿಲೆ ಇರುವವರು ಬೆರಳೆಣಿಕೆಯವರು. ಅವರಿಗೆ ಆಗ ಮಕ್ಕಳಾಗುತ್ತಿದ್ದದ್ದೇ ಅಪರೂಪ. ಜೀನನ್ನು ಗುಟ್ಟಾಗಿ ಹೊತ್ತು ತಿರುಗುವವರು ಎಲ್ಲರಂತಿರುವ ಜನ, ನೂರಕ್ಕೊಬ್ಬರು. ಒಂದು ಅಪರೂಪದ ಕಾಯಿಲೆಗಾಗಿ ನೂರಕ್ಕೊಬ್ಬ ಆರೋಗ್ಯವಂತರನ್ನು ಹಿಡಿದು ಶಸ್ತ್ರಚಿಕಿತ್ಸೆ ಮಾಡುತ್ತೀರಾ? ಸಭೆಯಲ್ಲಿ ಕೂತವರಲ್ಲೇ ಒಬ್ಬಿಬ್ಬರು ಆ ನೂರಕ್ಕೊಬ್ಬರಾಗಿರಬಹುದು. 1954ರಲ್ಲಿ ಅವರ ವಿಭಾಗದ ಪತ್ರಿಕೆಯ ಹೆಸರಿನಿಂದ ಸುಸಂತಾನ ಎಂಬ ಪದ ಹೋಗಿ ಮಾನವ ತಳಿಶಾಸ್ತ್ರ ಎಂದಾಯಿತು. ಪೀಠದ ಹೆಸರು ಬದಲಾಗಲು 1963ರ ತನಕ ಕಾಯಬೇಕಾಯಿತು. ಹದಿನೆಂಟು ವರ್ಷ ತನಗೆ ಹಿಡಿಸದ ಹೆಸರಿನ ಕುರ್ಚಿಯಲ್ಲಿ ಕೂತಿದ್ದರು.

1949ರಲ್ಲಿ ಅವರ ದೊಡ್ಡ ಪುಸ್ತಕ ಬಂತು. ಅದಕ್ಕೆ ಮುನ್ನುಡಿ ಬರೆದವರು ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್. ಮುಂದೆ ಭಾರತಕ್ಕೇ ಬಂದು ನೆಲೆಸಿ, ಭುವನೇಶ್ವರದಲ್ಲಿ ತೀರಿಕೊಂಡ ಹಾಲ್ಡೇನರೇ. ಅದೇ ವರ್ಷ ಪೆನ್ರೋಸ್ ಹಾಕಿದ ಲೆಕ್ಕದಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಸರಾಸರಿ ಆಯಸ್ಸು 12 ವರ್ಷ. ಈವತ್ತು ಒಳ್ಳೆಯ ಚಿಕಿತ್ಸೆ ಸಿಗುವ ದೇಶಗಳಲ್ಲಿ ಅದು ಅರವತ್ತರ ಹತ್ತಿರ. ವರ್ಣತಂತು ಮೂರಿದ್ದದ್ದು ಈಗಲೂ ಮೂರೇ. ಹೃದಯಕ್ಕೆ ಶಸ್ತ್ರಚಿಕಿತ್ಸೆ ಬಂತು, ಸೋಂಕಿಗೆ ಔಷಧಿ ಬಂತು, ಮಕ್ಕಳು ಆಶ್ರಯಧಾಮ ಬಿಟ್ಟು ಮನೆಯಲ್ಲಿ ಬೆಳೆದರು. ಅಷ್ಟೇ.

ಬಿಡುವಿನಲ್ಲಿ ಅವರು ಮರದ ತುಂಡುಗಳ ಆಟಿಕೆ ಮಾಡುತ್ತಿದ್ದರು. ಅಲುಗಾಡಿಸಿದರೆ ಒಂದಕ್ಕೊಂದು ಕೊಂಡಿ ಹಾಕಿಕೊಂಡು ತಮ್ಮಂಥದೇ ಜೋಡಿಗಳನ್ನು ಹುಟ್ಟಿಸುವ ತುಂಡುಗಳು. ಮಗ ರೋಜರ್ ಜೊತೆ ಸೇರಿ 1958ರಲ್ಲಿ, ಎಷ್ಟು ಹತ್ತಿದರೂ ಹತ್ತಿದಲ್ಲೇ ಬಂದು ನಿಲ್ಲುವ ಒಂದು ಅಸಾಧ್ಯ ಮೆಟ್ಟಿಲಿನ ಚಿತ್ರ ಪ್ರಕಟಿಸಿದರು. ಎಷರ್ ಎಂಬ ಡಚ್ ಕಲಾವಿದ ಅದನ್ನು ನೋಡಿ ತನ್ನ ಪ್ರಸಿದ್ಧ ಚಿತ್ರ ಬರೆದ. ನಮ್ಮ ವಿಭಾಗದಲ್ಲಿ ದುಡಿದವರಿಗೆ ಆ ಮೆಟ್ಟಿಲು ಅಷ್ಟೇನೂ ಅಸಾಧ್ಯ ಅನ್ನಿಸುವುದಿಲ್ಲ. 1965ರಲ್ಲಿ ನಿವೃತ್ತರಾದ ಮೇಲೆ ಪೆನ್ರೋಸ್ ಮನೆಯಲ್ಲಿ ಕೂರಲಿಲ್ಲ. ಹಾರ್ಪರ್‌ಬರಿ ಎಂಬ ಅಂಥದೇ ಇನ್ನೊಂದು ಆಸ್ಪತ್ರೆಗೆ ಹೋಗಿ, 1972ರಲ್ಲಿ ಸಾಯುವ ತನಕ ಅಲ್ಲಿನವರ ಅಂಗೈ ಅಚ್ಚು ತೆಗೆಯುತ್ತಲೇ ಇದ್ದರು.

ಪದದ ವಿಚಾರಕ್ಕೆ ಬರುತ್ತೇನೆ ಅಂದಿದ್ದೆ. ನಮ್ಮಲ್ಲಿ 1995ರ ಕಾಯಿದೆಯಲ್ಲಿ ಇದ್ದದ್ದು ಬುದ್ಧಿಮಾಂದ್ಯತೆ. 2016ರ ಕಾಯಿದೆಯಲ್ಲಿ ಅದು ಬೌದ್ಧಿಕ ವಿಕಲತೆ ಆಯಿತು. ಪೆದ್ದ, ಮಂಕ, ಬುದ್ಧಿಮಾಂದ್ಯ, ವಿಶೇಷ ಚೇತನ. ಎಷ್ಟು ಮರ್ಯಾದೆಯ ಪದ ತಂದರೂ ಹತ್ತು ವರ್ಷಕ್ಕೆ ಅದು ಬೀದಿಯಲ್ಲಿ ಬೈಗುಳವಾಗಿರುತ್ತದೆ. ಪದ ಬದಲಿಸಬೇಡಿ ಅಂತಲ್ಲ, ಬದಲಿಸಲೇಬೇಕು. ನನ್ನ ಅನುಭವದಲ್ಲಿ ಮನೆಯವರಿಗೆ ಎಲ್ಲಕ್ಕಿಂತ ಹಿಡಿಸುವುದು, ಡಾಕ್ಟರು ಫೈಲು ನೋಡದೆ ಮಗುವನ್ನು ಹೆಸರು ಹಿಡಿದು ಕರೆದಾಗ.

ಇನ್ನು ಹಲ್ಲುನೋವು.

ನಾನು ಪಾಠ ಹೇಳಲು ಶುರುಮಾಡಿ ನಾಲ್ಕೈದು ವರ್ಷವಾಗಿತ್ತು. ತುರುವೇಕೆರೆ ಕಡೆಯಿಂದ ಒಬ್ಬ ತಾಯಿ ಹತ್ತೊಂಬತ್ತರ ಮಗಳನ್ನು ಕರೆತಂದರು. ಮಾತು ಬಾರದ ಹುಡುಗಿ. ಎರಡು ತಿಂಗಳಿಂದ ಎಡಗೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾಳೆ, ತಟ್ಟೆ ತಳ್ಳುತ್ತಾಳೆ, ರಾತ್ರಿಯೆಲ್ಲ ಕಿರುಚಾಟ. ಜೊತೆಗೆ ನಾಲ್ಕು ಜನ ಸ್ನಾತಕೋತ್ತರ ವಿದ್ಯಾರ್ಥಿಗಳಿದ್ದರು. ಅವರಿಗೆ ಪಾಠ ಆಗಲಿ ಎಂದು, ಬೌದ್ಧಿಕ ವಿಕಲತೆಯಲ್ಲಿ ಈ ಥರದ ವರ್ತನೆ ಸಾಮಾನ್ಯ ಅಂತ ವಿವರಿಸಿ ಮಾತ್ರೆ ಬರೆದೆ. ಹದಿನೈದು ದಿನ ಬಿಟ್ಟು ಬಂದರು. ಮಾತ್ರೆ ಹೆಚ್ಚಿಸಿದೆ. ಮತ್ತೆ ಬಂದರು. "ಮಾತ್ರೆ ಕೊಟ್ರೆ ಮಲಗ್ತಾಳೆ ಸಾರ್. ಎದ್ರೆ ಮತ್ತೆ ಹೊಡ್ಕೋತಾಳೆ" ಅಂದರು ತಾಯಿ. ದೂರಿನ ದನಿಯೂ ಇರಲಿಲ್ಲ ಅದರಲ್ಲಿ. ನಾನು ಮೂರನೇ ಮಾತ್ರೆಯ ಹೆಸರು ಬರೆಯುತ್ತಿದ್ದೆ. ಹುಡುಗಿಯ ಕೈ ಹಿಡಿದು ನಿಂತಿದ್ದ ನಮ್ಮ ಆಯಾ, ಮೂವತ್ತು ವರ್ಷ ಅದೇ ವಾರ್ಡಿನಲ್ಲಿ ದುಡಿದಾಕೆ, ಮೆಲ್ಲಗೆ ಹೇಳಿದರು: "ಸಾರ್, ಮಗು ಬಾಯಿಂದ ಒಂಥರಾ ವಾಸನೆ ಬರ್ತೈತೆ."

ಪೆನ್ನು ಕೆಳಗಿಟ್ಟೆ. ನಾರ್ವೆಯ ಆ ತಾಯಿಯ ಕತೆಯನ್ನು ತರಗತಿಯಲ್ಲಿ ಎಷ್ಟು ಸಲ ರಸವತ್ತಾಗಿ ಹೇಳಿದ್ದೆನೋ. ಬಾಯಿ ತೆರೆಸಿ ಟಾರ್ಚು ಬಿಟ್ಟರೆ ಎಡಗಡೆ ಕೆಳಗಿನ ದವಡೆ ಹಲ್ಲು ಬುಡದವರೆಗೂ ಹುಳುಕಾಗಿ, ವಸಡು ಕೀವು ತುಂಬಿ ಊದಿತ್ತು. ಎರಡು ತಿಂಗಳಿಂದ ಆ ಹುಡುಗಿ ತನಗೆ ಬರುವ ಒಂದೇ ಭಾಷೆಯಲ್ಲಿ, ಇಲ್ಲಿ, ಇಲ್ಲಿ ಎಂದು ಕೈಯಿಟ್ಟು ತೋರಿಸುತ್ತಿದ್ದಳು. ಅವಳಿಗೆ ಹಣೆಪಟ್ಟಿ ಮೊದಲೇ ಹಚ್ಚಿಯಾಗಿತ್ತು, ನಾನು ಅದನ್ನೇ ಓದುತ್ತಿದ್ದೆ. ಹಣೆಪಟ್ಟಿ ನೋವನ್ನು ಮುಚ್ಚಿಹಾಕುವ ಈ ಸಂಗತಿಗೆ ನಮ್ಮ ಶಾಸ್ತ್ರದಲ್ಲಿ 1982ರಿಂದಲೂ ಒಂದು ಹೆಸರಿದೆ. ಪರೀಕ್ಷೆಯಲ್ಲಿ ಆ ಹೆಸರು ಬರೆದು ಅಂಕವನ್ನೂ ತೆಗೆದಿದ್ದೆ.

ದಂತವೈದ್ಯರು ಹಲ್ಲು ಕಿತ್ತರು. ಮಾತ್ರೆಗಳನ್ನು ಒಂದೊಂದಾಗಿ ನಿಲ್ಲಿಸಿದೆವು. ತಿಂಗಳಾದ ಮೇಲೆ ತಾಯಿ ಮಗಳು ಬಂದರು. ನಾನು ಕ್ಷಮೆ ಕೇಳುವುದು ಹೇಗೆ, ಯಾರನ್ನು ಎಂದು ಯೋಚಿಸುತ್ತಿದ್ದೆ. ಹುಡುಗಿ ಅಷ್ಟರಲ್ಲಿ ತಾನೇ ಬಂದು ಸ್ಟೂಲಿನ ಮೇಲೆ ಕೂತಳು. ನನ್ನ ಮುಖ ನೋಡಿದಳು. ಯಾರೂ ಏನೂ ಹೇಳದೆಯೇ, ದೊಡ್ಡದಾಗಿ ಬಾಯಿ ತೆರೆದಳು.